ಇಪ್ಪತ್ತನಾಲ್ಕು ಪದಗಳು, ಅಕಾರಾದಿಯಾಗಿ

ನಮ್ಮ ಅತ್ತಿಗೆಗೆ ಒಂದು ಚಾಳಿಯಿದೆ. ಯಾರ ಮನೆಗೇ ಹೋಗಲಿ, ಕಣ್ಣಿಗೆ ಬಿದ್ದ ಸಾಮಾನನ್ನು ಅಕಾರಾದಿಯಾಗಿ ಜೋಡಿಸದಿದ್ದರೆ ಅವರ ಕೈಗೆ ಸಮಾಧಾನವಿಲ್ಲ. ಅವರ ಅಡಿಗೆಮನೆಯ ಕಪಾಟಿನಲ್ಲಿ ಉಪ್ಪು, ಎಣ್ಣೆ, ಕಾಫಿಪುಡಿ, ಗೋಧಿಹಿಟ್ಟು ಎಂದು ಡಬ್ಬಿಗಳು ಅಕ್ಷರ ತಪ್ಪದೆ ಸಾಲಾಗಿ ನಿಂತಿರುತ್ತವೆ. ಸಕ್ಕರೆಯ ಪಕ್ಕದಲ್ಲಿ ಸೋಪಿನ ಪುಡಿ. ಮದುವೆಯಾದ ಹೊಸದರಲ್ಲಿ ನನ್ನ ಅಣ್ಣ ಬೆಳಗಿನ ನಿದ್ದೆಗಣ್ಣಿನಲ್ಲಿ ಸೋಪಿನ ಪುಡಿ ಹಾಕಿಕೊಂಡು ಕಾಫಿ ಕುಡಿದು ಮಧ್ಯಾಹ್ನದವರೆಗೂ ನೊರೆ ಕಾರಿದ. ಅತ್ತಿಗೆ ಅವನ ಬೆನ್ನು ನೀವಿದರು, ನೀರು ಕೊಟ್ಟರು, ಡಬ್ಬಿಯ ಜಾಗವನ್ನು ಮಾತ್ರ ಬದಲಿಸಲಿಲ್ಲ. "ಸ ಆದ್ಮೇಲೆ ಸೋ ಬರತ್ತೆ. ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ ನಿಮಗೆ?" ಎಂದು ಬೈದದ್ದೇ ಬಂತು. ಅಣ್ಣ ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಅಕ್ಷರದ ಗೊಡವೆ ಅವನಿಗಿಲ್ಲ.

ಅತ್ತಿಗೆಯ ಕಸುಬೇ ಅದು. ದಪ್ಪ ಪುಸ್ತಕಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಪದಸೂಚಿ ಇರುತ್ತದಲ್ಲ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತಿಳಿಸುವ ಪಟ್ಟಿ, ಅದನ್ನು ಮಾಡುವವರು ಅವರು. ಇಪ್ಪತ್ತೇಳು ವರ್ಷ, ಇನ್ನೂರ ಹದಿನೆಂಟು ಪುಸ್ತಕ. ಅದನ್ನು ಓದುಗರು ಓದುವುದಿಲ್ಲ, ಬರೆದವನು ಮೆಚ್ಚುವುದಿಲ್ಲ, ಮುದ್ರಕನಿಗಂತೂ ಅದು ಬೇಡದ ಹದಿನಾರು ಪುಟ. ನಾನು ಮುದ್ರಣಾಲಯದಲ್ಲಿ ಪುಟ ಕಟ್ಟುವವನು. ಅವರ ಎಷ್ಟೋ ಸೂಚಿಗಳು ನನ್ನ ಕೈಯಲ್ಲೇ ಪುಟವಾಗಿವೆ. ಅದಕ್ಕೇ ಹೇಳುತ್ತೇನೆ, ಕೇಳಿ: ಒಂದೇ ಪುಸ್ತಕವನ್ನು ಇಬ್ಬರಿಗೆ ಕೊಟ್ಟರೆ ಎರಡು ಸೂಚಿ ಹುಟ್ಟುತ್ತವೆ, ಒಂದರಂತೆ ಇನ್ನೊಂದು ಎಂದೂ ಇರುವುದಿಲ್ಲ. ಯಾವುದು ಮುಖ್ಯ, ಯಾವುದನ್ನು ಯಾವುದರ ಕೆಳಗೆ ಹಾಕಬೇಕು ಎನ್ನುವುದು ಆಯಾ ತಲೆಗೆ ಬಿಟ್ಟದ್ದು. ಒಂದು ಊರಿನ ಚರಂಡಿಗಳ ಚರಿತ್ರೆಗೆ ಅತ್ತಿಗೆ ಮಾಡಿದ ಸೂಚಿಯಲ್ಲಿ 'ದುರ್ವಾಸನೆ: ನೋಡಿ, ನಗರಸಭೆ' ಎಂದಿತ್ತು. ಹಾಗೆ ಬರೆಯಲು ಬೇರೆ ಯಾರಿಗೆ ಹೊಳೆಯುತ್ತದೆ? ನಮ್ಮ ಕಸುಬಿನವರೆಲ್ಲ ಅವರನ್ನು 'ಇದನ್ನೂ ನೋಡಿ ಅಮ್ಮ' ಎಂದೇ ಕರೆಯುವುದು.

ಕೆಲಸದಲ್ಲಿ ಅವರದೊಂದು ಕಟ್ಟುನಿಟ್ಟಿದೆ. ಮೊದಲು ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹಾಳೆಯಲ್ಲಿ ಗೀಚುವುದು, ಆಮೇಲೆ ಅಕಾರಾದಿಯಾಗಿ ಕಾರ್ಡಿಗೆ ಇಳಿಸುವುದು, ಕಾರ್ಡು ಆದೊಡನೆ ಗೀಚಿದ ಹಾಳೆಯನ್ನು ಚೂರು ಚೂರು ಮಾಡಿ ಎಸೆಯುವುದು. "ಎರಡು ಪ್ರತಿ ಇಟ್ಕೊಂಡ್ರೆ ಯಾವ್ದು ಸರಿ ಅಂತ ಮೂರನೇ ಸಲ ಹುಡುಕ್ಬೇಕು" ಎನ್ನುತ್ತಿದ್ದರು. ಈ ಕಟ್ಟುನಿಟ್ಟೇ ಅವರಿಗೆ ಹೆಸರು ತಂದಿತ್ತು, ಕೊನೆಗೆ ಅದೇ ಮುಳುವಾಯಿತು.

ಈಗೀಗ ಪ್ರಕಾಶಕರು ಯಾರನ್ನೂ ಮನೆಗೆ ಬಂದು ಕೇಳುವುದಿಲ್ಲ. ಸೂಚಿ ಮಾಡುವವರಿಗೆಂದೇ ಒಂದು ಜಾಲತಾಣವಿದೆ. ಕೆಲಸ ಅಲ್ಲೇ ಹಂಚುತ್ತಾರೆ, ಅಲ್ಲೇ ಒಪ್ಪಿಸಬೇಕು. ಯಾರು ಎಷ್ಟು ಪುಸ್ತಕ ಮಾಡಿದ್ದಾರೆ ಎಂಬ ದಾಖಲೆಯೂ ಅಲ್ಲೇ. ಆ ದಾಖಲೆ ನೋಡಿಯೇ ಕೆಲಸ. ಮೊದಲು ಒಳಗೆ ಹೋಗಲು ಪಾಸ್‌ವರ್ಡು ಸಾಕಿತ್ತು. ಅತ್ತಿಗೆ ಅದನ್ನು ಡೈರಿಯ 'ಪ' ಪುಟದಲ್ಲಿ ಬರೆದಿಟ್ಟಿದ್ದರು. ಒಂಬತ್ತು ವರ್ಷ ಅದು ಒಮ್ಮೆಯೂ ಕಳೆದಿರಲಿಲ್ಲ.

ಆಗ ಬಂದ ತಾಣದ ಹೊಸ ಮ್ಯಾನೇಜರು. ತಾಣದವರು ಒಂದು ಸಭಾಂಗಣ ಹಿಡಿದು ಸದಸ್ಯರನ್ನೆಲ್ಲ ಕರೆಸಿದ್ದರು. ಅತ್ತಿಗೆಯ ಜೊತೆಗೆ ನಾನೂ ಹೋಗಿದ್ದೆ. ಬಿಳಿ ಬೂಟು, ಕಿವಿಯಿಂದ ಕಿವಿಗೆ ನಗೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. "ಪಾಸ್‌ವರ್ಡ್ ಸತ್ತುಹೋಯ್ತು! ಇವತ್ತು ಅದರ ತಿಥಿ!" ಎಂದು ಕೂಗಿ, ತಾನೇ ಚಪ್ಪಾಳೆ ತಟ್ಟಿದ. ಆಮೇಲೆ ಪ್ರತಿಯೊಬ್ಬರಿಗೂ ಬೆರಳುದ್ದದ ಒಂದು ಕಪ್ಪು ಡಬ್ಬಿ ಕೊಟ್ಟ. ಉಗುರಿನಷ್ಟು ಪರದೆ, ಎರಡು ಗುಂಡಿ. ಕ್ರಿಪ್ಟೋ ನಾಣ್ಯ ಇಟ್ಟುಕೊಂಡವರು ಅದರ ಬೀಗದ ಕೈಯನ್ನು ಬಚ್ಚಿಡುವ ಯಂತ್ರವಂತೆ, ಹಾರ್ಡ್‌ವೇರ್ ವಾಲೆಟ್ ಅಂತೆ. ನಮ್ಮಲ್ಲಿ ನಾಣ್ಯವೂ ಇಲ್ಲ, ಬೀಗವೂ ಇಲ್ಲ. ಇಲ್ಲದಿದ್ದರೇನು, ಅದೇ ಯಂತ್ರದಿಂದ ತಾಣಕ್ಕೂ ಲಾಗಿನ್ ಆಗಬಹುದೆಂದು ಅವರ ತಲೆಗೆ ಹೊಳೆದಿತ್ತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಬೇಕು. ತಾಣ ಒಂದು ಪ್ರಶ್ನೆ ಕಳಿಸುತ್ತದೆ, ಅದು ಪುಟ್ಟ ಪರದೆಯಲ್ಲಿ ಕಾಣುತ್ತದೆ, ಎರಡೂ ಗುಂಡಿಯನ್ನು ಒಟ್ಟಿಗೆ ಒತ್ತಿದರೆ ಯಂತ್ರ ಒಳಗಿರುವ ಗುಟ್ಟಿನ ಸಂಖ್ಯೆಯಿಂದ ಸಹಿ ಹಾಕಿ ವಾಪಸ್ಸು ಕಳಿಸುತ್ತದೆ. ಗುಟ್ಟು ಮಾತ್ರ ಡಬ್ಬಿ ಬಿಟ್ಟು ಹೊರಗೆ ಬರುವುದಿಲ್ಲ. ಕಳ್ಳ ಕದಿಯಲು ಪಾಸ್‌ವರ್ಡೇ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಯೋಚನೆ ಜಾಣತನದ್ದೇ. ಆದರೆ ಅದನ್ನು ತಂದವನ ಬಾಯಲ್ಲಿ ಮಂತ್ರಕ್ಕಿಂತ ಉಗುಳೇ ಜಾಸ್ತಿ. "ನಾವು ನಿಮ್ಮ ಹೆಸರನ್ನೂ ಇಟ್ಕೊಳ್ಳಲ್ಲ! ನಿಮ್ಮ ಖಾಸಗಿತನ ನಮಗೆ ದೇವ್ರು!" ಎಂದ. ಅಂದಿನಿಂದ ತಾಣದಲ್ಲಿ ಅತ್ತಿಗೆ ಒಂದು ಮೊಳದುದ್ದದ ಸಂಖ್ಯೆಯಾದರು. ಮನೆಗೆ ಬಂದ ಮೇಲೆ ತಮ್ಮ ಇನ್ನೂರ ಹದಿನೆಂಟು ಪುಸ್ತಕಗಳನ್ನು ಒಂದೊಂದಾಗಿ, ಒಂದೊಂದಕ್ಕೂ ಎರಡೂ ಗುಂಡಿ ಒತ್ತಿ, ಆ ಸಂಖ್ಯೆಯ ಹೆಸರಿಗೆ ಬರೆದುಕೊಟ್ಟರು. ಅದಕ್ಕೂ ಮುಂಚೆ, ಸಭೆಯ ಕೊನೆಯಲ್ಲಿ, ಮ್ಯಾನೇಜರು ಅವರ ಕೈಗೆ ಡಬ್ಬಿ ಹಿಡಿಸಿ, ಹೆಗಲ ಮೇಲೆ ಕೈ ಹಾಕಿ, ಫೋಟೊ ತೆಗೆಸಿಕೊಂಡ.

ಡಬ್ಬಿಯ ಜೊತೆ ಒಂದು ಕಾಗದ. ಡಬ್ಬಿ ಹಾಳಾದರೆ ಅದರೊಳಗಿನ ಗುಟ್ಟನ್ನು ಮರಳಿ ಪಡೆಯಲು ಇಪ್ಪತ್ತನಾಲ್ಕು ಪದಗಳು. ಯಂತ್ರ ತೋರಿಸಿದ ಹಾಗೆ ಅವನ್ನು ಬರೆದುಕೊಂಡು, ಯಾರಿಗೂ ತೋರಿಸದೆ ಭದ್ರವಾಗಿ ಇಡಬೇಕು. ಅತ್ತಿಗೆ ಮನೆಯಲ್ಲಿ ಊಟದ ಮೇಜಿನ ಮೇಲೆ ಕೂತು ಬರೆದುಕೊಂಡರು. ಸುತ್ತಿಗೆ, ಆಮೆ, ಮೋಡ, ಕೊಡೆ, ಇಟ್ಟಿಗೆ, ಹಗ್ಗ. ಹಿಂದಿಲ್ಲ ಮುಂದಿಲ್ಲ, ಗುಜರಿ ಅಂಗಡಿಯ ಮುಂದೆ ಸುರಿದ ಹಾಗೆ. ಅದನ್ನು ನೋಡಿ ಅವರು ಮೂಗು ಮುರಿದರಂತೆ. ಮಾರನೆಯ ದಿನ ಬೆಳಿಗ್ಗೆ ತಮ್ಮ ಕಾರ್ಡು ತೆಗೆದು, ಆಮೆ, ಇಟ್ಟಿಗೆ, ಉಗುರು, ಏಣಿ, ಕಂಬಳಿ ಎಂದು ಇಪ್ಪತ್ತನಾಲ್ಕನ್ನೂ ಅಕಾರಾದಿಯಾಗಿ, ದುಂಡಗೆ ಬರೆದು, ಮುಂದೆ ಹೊಸದಾಗಿ ಒಂದರಿಂದ ಇಪ್ಪತ್ತನಾಲ್ಕು ಅಂಕಿ ಹಾಕಿದರು. ಹಳೆಯ ಕಾಗದವನ್ನು ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. ಕಸದ ಗಾಡಿ ಹತ್ತು ಗಂಟೆಗೆ ಬಂದು ಹೋಯಿತು.

ಗುಟ್ಟು ಇದ್ದದ್ದು ಪದಗಳಲ್ಲಿ ಅಷ್ಟೇ ಅಲ್ಲ, ಅವು ಬಂದ ಕ್ರಮದಲ್ಲೂ.

ಎಂಟು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಸಿಕ್ಕಿಸುವುದು, ಗುಂಡಿ ಒತ್ತುವುದು, ಕೆಲಸ. ಒಂದು ದಿನ ಬೆಳಿಗ್ಗೆ ಡಬ್ಬಿ ತಾನೇ ತಾನಾಗಿ ಅಪ್‌ಡೇಟ್ ಕೇಳಿತು. ಒತ್ತಿದರು. ಅದು ಸ್ವಲ್ಪ ಹೊತ್ತು ಮಿಣುಕಿ, ಎಲ್ಲ ಅಳಿಸಿಕೊಂಡು, ಹುಟ್ಟಿದ ಮಗುವಿನಂತೆ ಕಣ್ಣು ಬಿಟ್ಟು, 'ಇಪ್ಪತ್ತನಾಲ್ಕು ಪದಗಳನ್ನು ಕ್ರಮವಾಗಿ ಹಾಕಿ' ಎಂದಿತು. ಅತ್ತಿಗೆ ಡೈರಿಯಿಂದ ಕಾರ್ಡು ತೆಗೆದು, ಅದರಲ್ಲಿದ್ದ ಹಾಗೆ ಪದಗಳನ್ನು ಹಾಕಿದರು. 'ತಪ್ಪು' ಎಂದಿತು. ಮತ್ತೆ ಹಾಕಿದರು. ಮೂರನೆಯ ಸಲ ಹಾಕುವಾಗ ಅರ್ಧಕ್ಕೇ ಅವರ ಕೈ ನಿಂತಿತಂತೆ. ನನಗೆ ಫೋನು ಬಂತು.

"ಬೇಗ ಬಾರೋ. ನಾನೊಂದು ಮಹಾ ದಡ್ಡ ಕೆಲಸ ಮಾಡ್ಬಿಟ್ಟಿದ್ದೀನಿ."

ನಾನು ಹೋದಾಗ ಅಣ್ಣ ಶಾಲೆಗೆ ರಜೆ ಹಾಕಿ ಕೂತಿದ್ದ. ಮೊದಲಿಗೆ ಅವನಿಗೆ ನಗು. "ಇಪ್ಪತ್ನಾಲ್ಕೇ ತಾನೇ? ಅದಲು ಬದಲು ಮಾಡಿ ನೋಡ್ತಾ ಹೋದ್ರೆ ಒಂದಲ್ಲ ಒಂದು ಹೊತ್ತಿಗೆ ಸಿಕ್ಕತ್ತೆ ಬಿಡೇ" ಎಂದ. ಆಮೇಲೆ ಮೇಷ್ಟ್ರ ಬುದ್ಧಿ ಕೇಳಬೇಕಲ್ಲ, ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಒಂದು ಹಾಳೆಯ ಮೇಲೆ ಗುಣಿಸುತ್ತ ಕೂತ. ಗುಣಿಸಿದ, ಗುಣಿಸಿದ. ಉತ್ತರ ಇಪ್ಪತ್ತನಾಲ್ಕು ಅಂಕಿಯ ಸಂಖ್ಯೆ. ಅದನ್ನು ಒಮ್ಮೆ ನೋಡಿ ಹಾಳೆಯನ್ನು ಬೋರಲು ಹಾಕಿ, ಎದ್ದು ಹೋಗಿ ಅತ್ತಿಗೆಗೆ ನೀರು ತಂದುಕೊಟ್ಟ. ಆಮೇಲೆ ಅವನು ಆ ವಿಷಯಕ್ಕೆ ನಗಲಿಲ್ಲ.

ಅತ್ತಿಗೆ ನೆನಪು ಮಾಡಿಕೊಳ್ಳಲು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಮೊದಲನೆಯದು ಸುತ್ತಿಗೆ, ಅದರ ಹಿಂದೆ ಆಮೆ, ಅದು ಖಂಡಿತ. ಆಮೆಗೆ ಸುತ್ತಿಗೆ ಯಾಕೆ ಎಂದು ನಕ್ಕಿದ್ದರಂತೆ. ಇನ್ನೂ ನಾಲ್ಕೈದು ನೆನಪಾದವು. ಅಲ್ಲಿಂದ ಮುಂದೆ ಕಣ್ಣು ಮುಚ್ಚಿದರೆ ತಮ್ಮ ಕಾರ್ಡೇ ಕಾಣುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ಕಾಗದದಲ್ಲಿ ಸಾಲಿಗೆ ಸಂಖ್ಯೆ ಇತ್ತು ಕಣೋ. ನೋಡಿದ್ದೆ. ನಾನು ಸಂಖ್ಯೆ ನಂಬೋಳಲ್ವಲ್ಲ, ಅಕ್ಷರ ನಂಬೋಳು. ಈ ಕೈಗೆ ಬರೆ ಎಳೀಬೇಕು" ಎಂದು ತಮ್ಮ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡರು. ನಾನು ಆ ಕೈಯನ್ನು ಹಿಡಿದುಕೊಳ್ಳಬೇಕಾಯಿತು.

ತಾಣದ ಸಹಾಯವಾಣಿಗೆ ಬರೆದೆವು. 'ನಿಮ್ಮ ಕೀಲಿ, ನಿಮ್ಮ ಜವಾಬ್ದಾರಿ' ಎಂದು ಉತ್ತರ ಬಂತು, ಕೊನೆಯಲ್ಲಿ ಒಂದು ನಗುಮುಖ. ಪ್ರಕಾಶಕರಿಗೆ ಫೋನು ಮಾಡಿದೆವು. ಅವರಿಗೂ ಕಾಣುವುದು ಸಂಖ್ಯೆಯಷ್ಟೇ, ಆ ಸಂಖ್ಯೆ ಯಾರೆಂದು ಅವರು ಹೇಗೆ ಹೇಳುತ್ತಾರೆ? ಕೊನೆಗೆ ತಾಣದ ಕಚೇರಿಗೇ ಹೋದೆವು. ಆರನೆಯ ಮಹಡಿ, ಗಾಜಿನ ಬಾಗಿಲು, ಪ್ಲಾಸ್ಟಿಕ್ ಗಿಡಗಳು, ಅವುಗಳ ಬುಡಕ್ಕೆ ನಿಜವಾದ ಮಣ್ಣು. ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ 'ನಂಬಬೇಡಿ, ಪರೀಕ್ಷಿಸಿ' ಎಂದು ಬರೆದಿತ್ತು. ಅದರ ಪಕ್ಕದಲ್ಲಿ ನಮ್ಮ ಅತ್ತಿಗೆ! ಕೈಯಲ್ಲಿ ಡಬ್ಬಿ, ಹೆಗಲ ಮೇಲೆ ಆ ಮ್ಯಾನೇಜರನ ಕೈ, ಕೆಳಗೆ 'ನಮ್ಮ ಅತಿ ಹಿರಿಯ ಸದಸ್ಯೆ' ಎಂಬ ಸಾಲು. ಬಾಗಿಲಷ್ಟು ದೊಡ್ಡ ಫೋಟೊ.

ಮ್ಯಾನೇಜರು ಆ ಫೋಟೊದ ಕೆಳಗೇ ನಮ್ಮನ್ನು ಕೂರಿಸಿದ.

"ಅಯ್ಯೋ ಮೇಡಂ, ನೀವು ಬರೋದಾ! ಹೇಳಿದ್ರೆ ನಾನೇ ಬರ್ತಿದ್ದೆ."

ಅತ್ತಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ತಪ್ಪು ತಮ್ಮದೇ ಎಂದೂ ಹೇಳಿದರು. "ಆದ್ರೆ ನಾನು ಯಾರು ಅಂತ ನಿಮಗೆ ಗೊತ್ತಲ್ಲ. ಅಷ್ಟು ಹೇಳಿ, ನನ್ನ ಪುಸ್ತಕ ನನಗೆ ಕೊಡ್ಸಿ."

"ನನಗೆ ಗೊತ್ತು ಮೇಡಂ. ಖಂಡಿತ ಗೊತ್ತು. ಸಿಸ್ಟಮ್‌ಗೆ ಗೊತ್ತಿಲ್ಲ."

"ಹಾಗಾದ್ರೆ ಸಿಸ್ಟಮ್‌ಗೆ ನೀವು ಹೇಳಿ" ಎಂದೆ ನಾನು.

"ಅದೇ ಇದರ ಸೊಗಸು ಸರ್. ಯಾರು ಹೇಳಿದ್ರೂ ಕೇಳಲ್ಲ!" ಎಂದ ಅವನು, ಮಗ ತರಗತಿಗೇ ಮೊದಲು ಬಂದ ಅನ್ನುವಷ್ಟು ಹೆಮ್ಮೆಯಿಂದ.

ಥೂ! ಹೆಂಗಸು ಎದುರಿಗೆ ಕೂತಿದ್ದಾಳೆ, ಅವಳ ಪಟ ತಲೆಯ ಮೇಲೆ ತೂಗುತ್ತಿದೆ, ಹೆಗಲ ಮೇಲೆ ಇವನದೇ ಕೈ ಇದೆ, ಆದರೂ ಅವಳು ಅವಳೇ ಎಂದು ಒಂದು ಮಾತು ಹೇಳಲು ಇವನಿಗೆ ಆಗದು. ಆಗದ್ದಕ್ಕೆ ನಾಚಿಕೆಯೂ ಇಲ್ಲ, ಹಿಗ್ಗು ಬೇರೆ. ಬಟ್ಟಲಿನಲ್ಲಿದ್ದ ಪೆಪ್ಪರಮಿಂಟನ್ನು ಅವನು ನನ್ನ ಕಡೆ ತಳ್ಳಿದ. ನಾನು ಅದನ್ನು ಹಾಗೇ ಅವನ ಕಡೆ ತಳ್ಳಿದೆ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಅವನು ಅತ್ತಿಗೆಗೆ ಹೊಸದೊಂದು ಡಬ್ಬಿಯನ್ನು ರಿಬ್ಬನ್ ಸಮೇತ ಕೊಟ್ಟ. "ಹೊಸ ಸದಸ್ಯರಾಗಿ ಸೇರ್ಕೊಳಿ ಮೇಡಂ. ಸಣ್ಣದೊಂದು ಪರೀಕ್ಷೆ ಇರತ್ತೆ, ನಿಮಗೆ ಅದು ನೀರು ಕುಡಿದಷ್ಟು ಸುಲಭ." ಇಪ್ಪತ್ತೇಳು ವರ್ಷದ ಕೆಲಸದವರಿಗೆ ಸೇರ್ಪಡೆಯ ಪರೀಕ್ಷೆ! ನಾನು ಬೇಡವೆಂದೆ. ಅತ್ತಿಗೆ ತೆಗೆದುಕೊಂಡರು. ಲಿಫ್ಟಿನಲ್ಲಿ ಇಳಿಯುವಾಗ, "ಇನ್ನೇನು ಮಾಡ್ಲಿ ಹೇಳು? ಬೇರೆ ಕೆಲಸ ಬರಲ್ಲ ನನಗೆ" ಎಂದರು.

ಪರೀಕ್ಷೆಗೆ ತಾಣದ ಯಂತ್ರ ತನ್ನ ಸಂಗ್ರಹದಿಂದ ಒಂದು ಅಧ್ಯಾಯ ಎತ್ತಿ ಕೊಡುತ್ತದೆ, ಅದಕ್ಕೆ ಸೂಚಿ ಮಾಡಬೇಕು. ಅತ್ತಿಗೆಗೆ ಬಂದದ್ದು ಚರ್ಮ ಹದ ಮಾಡುವ ಕಾರ್ಖಾನೆಯೊಂದರ ಚರಿತ್ರೆ. ಆ ಪುಸ್ತಕಕ್ಕೆ ಹದಿನೈದು ವರ್ಷದ ಹಿಂದೆ ಅವರೇ ಸೂಚಿ ಮಾಡಿದ್ದರು. ಪುಟ ಕಟ್ಟಿದ್ದು ನಾನು. ಪುಸ್ತಕ ಕಪಾಟಿನಲ್ಲೇ ಇತ್ತು.

"ಒಳ್ಳೇದೇ ಆಯ್ತು ಅತ್ತಿಗೆ. ತೆಗೆದು ನೋಡ್ಕೊಂಡು ಬರೆದುಬಿಡಿ."

ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಕುರ್ಚಿಯಲ್ಲಿ ಕುಗ್ಗಿದೆ. "ಕಾಪಿ ಹೊಡಿ ಅಂತೀಯಾ? ನಿನಗೇನು ಬುದ್ಧಿಗಿದ್ಧಿ ಕೆಟ್ಟಿದ್ಯಾ?"

ಕಪಾಟಿನ ಬಾಗಿಲನ್ನು ಅವರು ತೆಗೆಯಲೇ ಇಲ್ಲ. ಮೂರು ದಿನ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಹೊಸದಾಗಿ ಓದಿದರು, ಗೀಚಿದರು, ಜೋಡಿಸಿದರು, ಗೀಚಿದ್ದನ್ನು ಹರಿದರು. ಆ ಮೂರು ದಿನ ಅವರ ಮುಖದಲ್ಲಿ ಸಂಕಟ ಕಾಣಲಿಲ್ಲ. ಕೆಲಸ ಎಂದರೆ ಹಾಗೆ. ಒಪ್ಪಿಸಿ, ಎರಡೂ ಗುಂಡಿ ಒತ್ತಿ, ಕೈ ತೊಳೆದುಕೊಂಡು ಬಂದರು.

ಮರುದಿನ ಉತ್ತರ ಬಂತು. 'ತಿರಸ್ಕೃತ. ನಿಮ್ಮ ಸೂಚಿ ಇನ್ನೊಬ್ಬ ಸದಸ್ಯರ ಕೃತಿಯ ನಕಲು.'

ನಾನು ಕಪಾಟಿನಿಂದ ಪುಸ್ತಕ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲವೂ ಅದೇ. ಮಾಲೀಕನ ಹೆಂಡತಿ ಆ ಅಧ್ಯಾಯದಲ್ಲಿ ಎಂಟು ಕಡೆ ಬರುತ್ತಾಳೆ, ಬರೆದವನು ಒಂದು ಕಡೆಯೂ ಅವಳ ಹೆಸರು ಹೇಳಿಲ್ಲ. ಬೇರೆ ಯಾರೇ ಆಗಲಿ ಅವಳನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಅತ್ತಿಗೆ ಆಗಲೂ ಈಗಲೂ 'ಹೆಂಡತಿ, ಮಾಲೀಕನ' ಎಂದು ಹಾಕಿ, ಎಂಟೂ ಪುಟಗಳ ಸಂಖ್ಯೆ ಕೊಟ್ಟು, ಕೆಳಗೆ 'ಕೂಲಿ ಹಂಚಿದ್ದು', 'ಸುಣ್ಣದ ತೊಟ್ಟಿಗೆ ಬಿದ್ದದ್ದು' ಎಂದು ಒಳಸಾಲುಗಳನ್ನೂ ಮಾಡಿದ್ದರು. ಹದಿನೈದು ವರ್ಷದ ನಂತರ, ಹಳೆಯದನ್ನು ಕಣ್ಣೆತ್ತಿಯೂ ನೋಡದೆ, ಅದೇ ಕೈ ಅದೇ ಸೂಚಿಯನ್ನು ಮತ್ತೆ ಮಾಡಿತ್ತು. ಇವರು ಅವರೇ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಮ್ಮ ಕಸುಬು ಒಂದಿಷ್ಟು ಗೊತ್ತಿದ್ದವನು ಇದನ್ನು ನೋಡಿ ಎದ್ದು ನಿಂತು ಕೈ ಮುಗಿಯುತ್ತಿದ್ದ. ತಾಣದವರು ಕಳ್ಳಿ ಎಂದರು.

ನಾನು ಮ್ಯಾನೇಜರನಿಗೆ ಫೋನು ಮಾಡಿ ಇದನ್ನೇ ಹೇಳಿದೆ, ಅರ್ಧ ಗಂಟೆ ಹೇಳಿದೆ. "ತುಂಬಾ ಇಂಟರೆಸ್ಟಿಂಗ್ ಸರ್" ಎಂದ. "ಆದ್ರೆ ಮೂಲ ಸದಸ್ಯರ ಹಿತ ಕಾಯೋದು ನಮ್ಮ ಧರ್ಮ ಅಲ್ವಾ?" ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಇನ್ನೊಂದು ಮಾತು ಆಡಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ, ಫೋನು ಇಟ್ಟೆ.

ನಿಯಮದ ಪ್ರಕಾರ ಒಂದು ದಾರಿ ಇತ್ತಂತೆ, ಅದನ್ನೂ ಬರೆದು ಕಳಿಸಿದರು. ನಕಲಾದ ಕೃತಿಯ ಮೂಲ ಸದಸ್ಯರಿಗೆ, ಅಂದರೆ ಅತ್ತಿಗೆಯದೇ ಹಳೆಯ ಸಂಖ್ಯೆಗೆ, ತಾಣ ಸುದ್ದಿ ಮುಟ್ಟಿಸಿದೆ. ಅವರು ಹದಿನಾಲ್ಕು ದಿನದೊಳಗೆ ತಮ್ಮ ಸಾಧನದಿಂದ ಲಾಗಿನ್ ಆಗಿ, ಎರಡೂ ಗುಂಡಿ ಒತ್ತಿ ಕ್ಷಮಿಸಿದರೆ ತಿರಸ್ಕಾರ ರದ್ದಾಗುತ್ತದೆ. ಇಲ್ಲವಾದರೆ ಹೊಸ ಸದಸ್ಯೆಯನ್ನು ಶಾಶ್ವತವಾಗಿ ಹೊರಗಿಡಲಾಗುತ್ತದೆ. ಅಣ್ಣ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮೂರನೆಯ ಸಲ ಓದಿದ.

ಹದಿನಾಲ್ಕು ದಿನ ಅತ್ತಿಗೆ ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂತು, ಹಳೆಯ ಡಬ್ಬಿಗೆ ಇಪ್ಪತ್ತನಾಲ್ಕು ಪದಗಳನ್ನು ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಹಾಕಿ ನೋಡಿದರು. ಹಗ್ಗ ಆದ ಮೇಲೆ ಏಣಿ. ಹಗ್ಗ ಆದ ಮೇಲೆ ಕಂಬಳಿ. ತಪ್ಪು, ತಪ್ಪು, ತಪ್ಪು. "ಸಾಕು ಬಿಡಿ ಅತ್ತಿಗೆ, ಆದದ್ದು ಆಗಿಹೋಯ್ತು, ನಿಮ್ಮನ್ನ ನೀವು ಹೀಗೆ ಹಿಂಸಿಸ್ಕೋಬೇಡಿ" ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಹರಿದು ಹಾಕಿದ್ದು ನೀನಲ್ಲ" ಎಂದರು.

ಹದಿನೈದನೆಯ ದಿನ ನಾನು ಹೋದಾಗ ಪರದೆಯ ಮೇಲೆ ತಾಣದ ಪತ್ರ ತೆರೆದಿತ್ತು. ಒಂದೇ ಸಾಲು: 'ಮೂಲ ಸದಸ್ಯರು ನಿಮ್ಮನ್ನು ಕ್ಷಮಿಸಿಲ್ಲ.' ನನಗೆ ಮೈಯೆಲ್ಲ ಉರಿದು, ಬಾಯಿಗೆ ಬಂದದ್ದೆಲ್ಲ ಬೈದೆ. ಸುಳ್ಳುಬುರುಕರು, ಹೇಸಿಗೆಯವರು, ಅಂಥ ಸದಸ್ಯೆ ಬೇರೆ ಎಲ್ಲಿದ್ದಾಳೆ, ಯಾರು ಕ್ಷಮಿಸಿಲ್ಲ, ಬಂದು ಹೇಳಲಿ ಎಂದೆ.

ಅತ್ತಿಗೆ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಯಾಕೆ ಸುಮ್ನೆ ಬೈತೀಯೋ?" ಎಂದರು. "ನಿಜಾನೇ ಬರ್ದಿದ್ದಾರೆ. ಇನ್ನೂ ಕ್ಷಮಿಸಿಲ್ಲ ಅವಳು."